ಯಶೋದಾಬಾಯಿಯ ಕಾರಿನ ಇಪ್ಪತ್ತು ಸ್ಟಡ್ಡುಗಳು

ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ. ಚಕ್ರ ಸಡಿಲವಾದರೆ ಕಾರು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಇಷ್ಟು ಸರಳವಾದ ಸಂಗತಿ ನನಗೆ ಅರ್ಥವಾಗಲು ಇಪ್ಪತ್ತಾರು ವರ್ಷ ಬೇಕಾಯಿತು.

ಕಾರವಾರದ ಕೋಡಿಬಾಗದಲ್ಲಿ ಒಂದೇ ಗ್ಯಾರೇಜಿನಲ್ಲಿ ಮೂವತ್ನಾಲ್ಕು ವರ್ಷ ದುಡಿದು ಹೋದ ವರ್ಷ ನಿವೃತ್ತನಾದೆ. ಊರು ಅಂಕೋಲೆಯ ಹತ್ತಿರ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬಸ್ಸು ಹಿಡಿದು ಬರುತ್ತಿದ್ದೆ. ಮೊನ್ನೆ ಐಟಿಐಯ ಮಾಸ್ತರರೊಬ್ಬರು ಬಂದು, ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದರು. ಯಾವ ವರ್ಷ ಏನಾದೆ, ಯಾವಾಗ ಹೆಡ್ ಮೆಕ್ಯಾನಿಕ್ ಆದೆ ಎನ್ನುವುದರಿಂದ ಯಾರಿಗೂ ಉಪಯೋಗವಿಲ್ಲ. ಅದರ ಬದಲು ಒಂದು ಕಾರಿನ ಕಥೆ ಬರೆಯುತ್ತೇನೆ. ನನಗೆ ಹೆಚ್ಚು ಕಲಿಸಿದ್ದು ಅದು. ಹೆಚ್ಚು ನಾಚಿಕೆ ತಂದದ್ದೂ ಅದೇ.

ನಮ್ಮ ಕಡೆ ಓಡಾಡುವ ಬಹುಪಾಲು ಕಾರುಗಳಲ್ಲಿ ಚಕ್ರ ಕೂರುವ ಗುಂಬದಿಂದ, ಅಂದರೆ ಹಬ್‌ನಿಂದ, ನಾಲ್ಕೋ ಐದೋ ಕಡ್ಡಿಗಳು ಹೊರಗೆ ಚಾಚಿಕೊಂಡಿರುತ್ತವೆ. ಅವೇ ಸ್ಟಡ್ಡುಗಳು. ಚಕ್ರವನ್ನು ಅವುಗಳ ಮೇಲೆ ನೇತುಹಾಕಿ ನಟ್ಟು ಬಿಗಿದರೆ ಮುಗಿಯಿತು. ಯುರೋಪಿನ ಕೆಲವು ಕಾರುಗಳಲ್ಲಿ ಹಾಗಿಲ್ಲ. ಹಬ್‌ನಲ್ಲಿ ಬರೀ ತೂತುಗಳಿರುತ್ತವೆ. ಚಕ್ರವನ್ನು ಕೈಯಲ್ಲಿ ಎತ್ತಿ ಹಿಡಿದು, ತೂತಿಗೆ ತೂತು ಹೊಂದಿಸಿ, ಹೊರಗಿನಿಂದ ಬೋಲ್ಟು ತಿರುಗಿಸಬೇಕು. ಗ್ಯಾರೇಜಿನಲ್ಲಿ ಇದು ದೊಡ್ಡ ಕೆಲಸವಲ್ಲ. ಮಳೆಯಲ್ಲಿ, ರಸ್ತೆಯಂಚಿನಲ್ಲಿ, ಒಬ್ಬರೇ ಇದ್ದಾಗ ಬೇರೆ ಮಾತು.

ಯಶೋದಾಬಾಯಿ ಅಂಥ ಮಳೆಯಲ್ಲಿ ಸಿಕ್ಕಿಬಿದ್ದವಳು. ಹಾರವಾಡದವಳು, ಆಗ ನಲವತ್ತರ ಆಸುಪಾಸು. ಮನೆಯವರದು ಸಮುದ್ರದ ಮೀನುಗಾರಿಕೆ, ಇವಳದು ಮೀನಿನ ವ್ಯಾಪಾರ. ಮೀನು ಸಾಗಿಸಲು ಟೆಂಪೋ ಇತ್ತು, ತಾನು ಬೈತಕೋಲ, ಬೇಲೆಕೇರಿ ಎಂದು ಬಂದರಿನಿಂದ ಬಂದರಿಗೆ ತಿರುಗಲು ಗೋವಾದಿಂದ ಒಂದು ಹಳೆಯ ವಿಲಾಯಿತಿ ಕಾರು ತಂದುಕೊಂಡಿದ್ದಳು. ಗಟ್ಟಿ ಗಾಡಿ. ಅದನ್ನು ಅವಳೇ ಓಡಿಸುತ್ತಿದ್ದಳು, ಚಕ್ರವನ್ನೂ ಅವಳೇ ಬದಲಿಸುತ್ತಿದ್ದಳು. ಆದರೆ ಹಿಂದೊಮ್ಮೆ ದೋಣಿಯ ಹಲಗೆಯಿಂದ ಜಾರಿ ಬಿದ್ದಾಗಿನಿಂದ ಬಲಗೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದಿನ ಮಳೆಗಾಲದಲ್ಲಿ ತೋಡೂರಿನ ಹತ್ತಿರ ಅವಳ ಕಾರು ಪಂಕ್ಚರ್ ಆಯಿತು. ಮರುದಿನ ಗ್ಯಾರೇಜಿಗೆ ಬಂದವಳು ಕೂರಲೇ ಇಲ್ಲ.

"ಹೊನ್ನಪ್ಪಣ್ಣ, ನೆಲದ ಮೇಲೆ ಕೂತ್ಕಂಡು ಚಕ್ರ ಮೊಣಕಾಲ ಮೇಲೆ ಇಟ್ಕಂಡೆ. ತೂತು ಸರಿ ಬಂತು ಅನ್ನುವಷ್ಟರಲ್ಲಿ ಜಾರ್ತದೆ. ಒಂದು ಬೋಲ್ಟು ಚರಂಡಿಗೆ ಹೋಯ್ತು. ಎರಡು ತಾಸು ಹಾಗೇ ಕೂತಿದ್ದೆ, ಲಾರಿಯವ್ರು ಯಾರೋ ಬಂದು ಹಾಕಿಕೊಟ್ರು. ನಮ್ಮ ಟೆಂಪೋಕ್ಕೆ ಇದ್ದಂಗೆ ಇದಕ್ಕೂ ಕಡ್ಡಿ ಹಾಕೂಕೆ ಬರೂದಿಲ್ವಾ?"

ನಾನು ಒಳಗೆ ಕೂಗಿದೆ. ನಮ್ಮ ಗ್ಯಾರೇಜಿನ ಯಜಮಾನರು, ನನಗೆ ಕೆಲಸ ಕಲಿಸಿದವರು, ಚಿತ್ತಾಕುಲದ ವಿಠೋಬಾ ಮೇಸ್ತ್ರಿ ಒಳಗಿನಿಂದ ಬಂದರು. ಅವರು ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಮನೆಯಲ್ಲಿ ಕೊಂಕಣಿ ಆಡುವ ಅವರು ಯಾವುದೇ ಕುತೂಹಲ ಹುಟ್ಟಿದರೆ ಮೊದಲು ಹೇಳುವ ಮಾತು "ಪಳೆ", ನೋಡು, ಎಂದು.

"ಪಳೆ ಹೊನ್ನಪ್ಪಾ, ಒಂದು ಬೋಲ್ಟು ತೆಗಿ. ತೆಗಿಯುವಾಗ ಸುತ್ತು ಎಣಿಸು."

ಎಣಿಸಿದೆ. ಒಂಬತ್ತು ಸುತ್ತು.

"ಹಾಗಾದ್ರೆ ಕಾರು ಮಾಡಿದವನು ಒಂಬತ್ತು ಸುತ್ತಿನ ಹಿಡಿತ ಬೇಕು ಅಂದಿದಾನೆ. ನಾವು ಸ್ಟಡ್ಡು ಹಾಕಿದ್ರೆ ಅದೂ ಒಳಗೆ ಒಂಬತ್ತು ಸುತ್ತು ಹೋಗ್ಬೇಕು. ಹೊರಗೆ ನಟ್ಟಿಗೂ ಅಷ್ಟೇ ಸಿಗ್ಬೇಕು. ಒಂದು ಸುತ್ತು ಕಮ್ಮಿ ಆದ್ರೂ ನಾ ಹಾಕುದಿಲ್ಲ."

ಆ ದಿನ ಇಡೀ ಮಧ್ಯಾಹ್ನ ನಾವು ಆ ಒಂದು ಚಕ್ರದ ಸುತ್ತ ಕೂತೆವು. ಬೋಲ್ಟಿನ ದಪ್ಪ ಅಳೆದೆವು. ಅದರ ಸುತ್ತುಗಳ ಹಲ್ಲಿನಿಂದ ಹಲ್ಲಿಗೆ ಎಷ್ಟು ದೂರ ಎಂದು, ಹಲ್ಲು ಅಳೆಯುವ ಅಚ್ಚಿನ ಪಟ್ಟಿ ಇಟ್ಟು ನೋಡಿದೆವು. ದಪ್ಪ ಒಂದೇ ಆಗಿದ್ದರೂ ಹಲ್ಲಿನ ಅಂತರ ಕೂದಲಷ್ಟು ಬೇರೆಯಾದರೆ ಸ್ಟಡ್ಡು ಎರಡು ಸುತ್ತು ಒಳಗೆ ಹೋಗಿ ಕಚ್ಚಿಕೊಳ್ಳುತ್ತದೆ, ಬಲವಂತ ಮಾಡಿದರೆ ಹಬ್ಬೇ ಹಾಳು. ಸ್ಟಡ್ಡು ಹೆಚ್ಚು ಉದ್ದವಾದರೆ ಹಬ್‌ನ ಹಿಂದೆ ಇಣುಕಿ ಬ್ರೇಕಿನ ಭಾಗಕ್ಕೆ ಉಜ್ಜಬಹುದು. ಅದಕ್ಕೆ ವಿಠೋಬಾ ಮೇಸ್ತ್ರಿ ಹಿಂಬದಿಗೆ ಗೋದಿಹಿಟ್ಟಿನ ಮುದ್ದೆ ಅಂಟಿಸಿ ಹಬ್ ತಿರುಗಿಸಿ, ಮುದ್ದೆ ಎಲ್ಲಿ ಉಜ್ಜಿತು ಎಂದು ನೋಡಿ ಜಾಗ ಅಳೆದರು. ಅಂಥ ಸಣ್ಣ ಉಪಾಯಗಳಲ್ಲಿ ಅವರಿಗೆ ಮಕ್ಕಳಂಥ ಸಂತೋಷ.

ಕೊನೆಗೆ ಒಂದು ಕಾಗದದ ಮೇಲೆ ಬರೆಸಿದರು. ದಪ್ಪ, ಹಲ್ಲಿನ ಅಂತರ, ಉದ್ದ. ಆಮೇಲೆ ಹೇಳಿದರು, "ನಟ್ಟಿನ ಬುಡದ ಆಕಾರ ಕೇಳುದು ಮರಿಬೇಡ."

ಅದನ್ನು ನಾನು ಬರೆದುಕೊಳ್ಳಲಿಲ್ಲ. ಇದೊಂದು ನೆನಪಿರುತ್ತದೆ ಎಂದುಕೊಂಡೆ.

ವಿಠೋಬಾ ಮೇಸ್ತ್ರಿ ಆ ವಾರವೇ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಹೋದರು. ಪುಣೆಯ ಒಂದು ಅಂಗಡಿಗೆ ಫೋನು ಮಾಡಿ ಮಾಲು ಹೇಳಿದವನು ನಾನು. ಕಾಗದ ನೋಡಿ ಎಲ್ಲಾ ಓದಿದೆ. ಅಂಗಡಿಯವನು ಕೇಳಿದ, "ನಟ್ಟು ಟೇಪರ್ ತಾನೇ?" ಟೇಪರ್ ಎಂದರೆ ಬುಡ ಗೋಪುರದ ಹಾಗೆ ಇಳಿಜಾರಾಗಿರುವುದು. ನಮ್ಮ ಕೈಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಟೇಪರ್. ಯೋಚಿಸದೆ ಹೌದು ಎಂದೆ. ಅಂಗಡಿಯವನದೇನೂ ತಪ್ಪಿಲ್ಲ, ಅವನು ಕೇಳಿದ್ದ.

ಮಾಲು ಬಂತು. ಇಪ್ಪತ್ತು ಸ್ಟಡ್ಡು, ಮೇಲೆ ಎರಡು ಹೆಚ್ಚುವರಿ, ಇಪ್ಪತ್ತು ನಟ್ಟು. ಹಬ್ಬಿನ ತೂತುಗಳನ್ನು ತೊಳೆದು ಒಣಗಿಸಿ, ಸ್ಟಡ್ಡಿನ ಒಳತುದಿಗೆ ಮಾತ್ರ ಹಲ್ಲು ಹಿಡಿಯುವ ಗೋಂದು ಒಂದು ಹನಿ ಹಾಕಿ ಕೂರಿಸಿದೆ. ಪ್ರತಿಯೊಂದೂ ಒಂಬತ್ತು ಸುತ್ತು. ಒಂದು ದಿನ ಹಾಗೇ ಬಿಟ್ಟೆ, ಗೋಂದು ಒಣಗಲಿ ಎಂದು. ಮರುದಿನ ಚಕ್ರ ನೇತುಹಾಕಿ ನಟ್ಟು ಬಿಗಿದೆ. ಕೈಗೆ ಸಿಕ್ಕಿದ ಬಿಗಿ ಚೆನ್ನಾಗಿತ್ತು. ಯಶೋದಾಬಾಯಿ ಅಲ್ಲೇ ಒಂದು ಚಕ್ರ ತೆಗೆದು ತಾನೇ ಹಾಕಿ ನೋಡಿದಳು. ಎಡಗೈಯಲ್ಲಿ ಎತ್ತಿ, ಮೊಣಕಾಲು ಕೊಟ್ಟು, ಕಡ್ಡಿಗೆ ಸಿಕ್ಕಿಸಿಬಿಟ್ಟಳು. ಅವಳ ಮುಖದಲ್ಲಿ ನಗು ಬಂದದ್ದು ನನಗೆ ಚೆನ್ನಾಗಿ ನೆನಪಿದೆ.

"ಒಂದು ವಾರ ಬಿಟ್ಟು ಬನ್ನಿ, ಮತ್ತೊಮ್ಮೆ ಬಿಗಿದು ನೋಡುವಾ" ಎಂದೆ.

ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು.

"ಹೊನ್ನಪ್ಪಣ್ಣ, ನಾನು ಅರ್ಗಾದ ಹತ್ರ ನಿಂತಿದ್ದೆ. ಎಡಗಡೆ ಮುಂದಿನ ಚಕ್ರದ್ದು ಎರಡು ನಟ್ಟು ಇಲ್ಲ. ಇನ್ನೆರಡು ಕೈಯಲ್ಲೇ ತಿರುಗ್ತದೆ. ಶಾಂತಿ ನನ್ ಸಂಗ್ತಿಗೆ ಇದ್ದಾಳೆ. ನೀವು ಬನ್ನಿ."

ಶಾಂತಿ ಅವಳ ನಾದಿನಿ, ಏಳು ತಿಂಗಳ ಬಸುರಿ. ತಪಾಸಣೆಗೆಂದು ಕಾರವಾರದ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದಳು. ಬೈಕು ತೆಗೆದುಕೊಂಡು ಬಿಣಗಾದ ಘಟ್ಟ ಇಳಿದು ಹೋದೆ.

ಇಬ್ಬರೂ ರಸ್ತೆಯಾಚೆ ಒಂದು ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಶಾಂತಿ ನೀರು ಕುಡಿಯುತ್ತಿದ್ದಳು. ಅಮದಳ್ಳಿ ದಾಟಿದ ಮೇಲೆ ಸ್ಟೀರಿಂಗು ನಡುಗತೊಡಗಿತಂತೆ. ಯಶೋದಾಬಾಯಿ ಮೊದಲು ರಸ್ತೆ ಸರಿಯಿಲ್ಲ ಎಂದುಕೊಂಡಳು. ಆಮೇಲೆ ಮೀನಿನ ಪೆಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ಬಡಿದ ಹಾಗೆ ಟಕ್, ಟಕ್ ಎಂದು ಸದ್ದು ಬಂತು. ಆ ಸದ್ದಿಗೆ ಗಾಡಿ ನಿಲ್ಲಿಸಿದಳು. ನಿಲ್ಲಿಸದಿದ್ದರೆ ಮುಂದೆ ಘಟ್ಟದ ತಿರುವುಗಳಿದ್ದವು.

"ಬಾಯಿ, ನನ್ನಿಂದ ಏನೋ ತಪ್ಪಾಗದೆ" ಎಂದೆ.

"ಏನು ತಪ್ಪು?"

"ಗೊತ್ತಿಲ್ಲ."

ಅವಳು ನನ್ನನ್ನೇ ನೋಡಿದಳು. "ಹಾಗಾದ್ರೆ ಮೊದ್ಲು ಅದನ್ನ ಗೊತ್ತು ಮಾಡ್ಕಣಿ" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು. ರಿಕ್ಷಾ ಮಾಡಿ ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆ. ತಾಯಿ, ಮಗು ಇಬ್ಬರಿಗೂ ಏನೂ ಆಗಿಲ್ಲ ಎಂದು ಮಧ್ಯಾಹ್ನ ಫೋನು ಬಂದಾಗ ನಾನು ಕಾರನ್ನು ಎಳೆಸಿಕೊಂಡು ಬಂದು ಗ್ಯಾರೇಜಿನಲ್ಲಿ ಅದರ ಎದುರು ಸುಮ್ಮನೆ ಕೂತಿದ್ದೆ.

ಎರಡು ದಿನ ಬಿಟ್ಟು ವಿಠೋಬಾ ಮೇಸ್ತ್ರಿ ಹುಬ್ಬಳ್ಳಿಯಿಂದ ಬಂದರು. ಒಂದು ಕಣ್ಣಿಗೆ ಹಸಿರು ಬಟ್ಟೆ, ಅದರ ಮೇಲೆ ಕಪ್ಪು ಕನ್ನಡಕ. ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅವರು ಕುರ್ಚಿಯ ಮೇಲೆ ಕೂತು ಕೇಳುವುದು, ನಾನು ನೋಡಿ ಹೇಳುವುದು ಎಂದಾಯಿತು. ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯುತ್ತಮ ಪಾಠ ಅದು. ಅವರು ನೋಡಿದ್ದರೆ ಒಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು. ನೋಡಲಾಗದ್ದರಿಂದ ನಾನು ನೋಡಬೇಕಾಯಿತು.

"ನಟ್ಟಿನ ಬುಡ ಹೇಗದೆ?"

"ಇಳಿಜಾರು."

"ಹಳೇ ಬೋಲ್ಟಿನ ಬುಡ?"

ಹಳೆಯ ಬೋಲ್ಟುಗಳು ಡಬ್ಬಿಯಲ್ಲಿದ್ದವು. ಒಂದನ್ನು ಎತ್ತಿ ನೋಡಿದೆ. ನೂರು ಸಲ ಮುಟ್ಟಿದ ವಸ್ತು. ಅವತ್ತೇ ಮೊದಲ ಸಲ ನೋಡಿದ ಹಾಗಾಯಿತು.

"ಗುಂಡಗೆ ಅದೆ. ಚೆಂಡಿನ ಹಾಗೆ."

ಅವರು, ದೇವರ ಮುಂದಿನ ಕುಂಕುಮ ತಂದು ಎರಡು ಹನಿ ಎಣ್ಣೆಯಲ್ಲಿ ಕಲಸು ಎಂದರು. ಹಿಂದಿನ ಬಲಗಡೆಯ, ಹಾಳಾಗದ ಚಕ್ರದ ತೂತಿಗೆ ತೆಳ್ಳಗೆ ಸವರಿಸಿದರು. ಹಳೆಯ ಬೋಲ್ಟನ್ನು ಒತ್ತಿ ಒಂದು ಸುತ್ತು ತಿರುಗಿಸಿ ತೆಗೆಯಲು ಹೇಳಿದರು.

"ಕೆಂಪು ಎಷ್ಟು ಅಗಲ ಹತ್ತದೆ?"

"ಬೆರಳ ಉಂಗುರದಷ್ಟು. ಸುತ್ತಲೂ."

"ಈಗ ಹೊಸ ನಟ್ಟು ಒತ್ತು."

ಒತ್ತಿ ತೆಗೆದೆ. ನಟ್ಟಿನ ಮೇಲೆ ಕೆಂಪು ಒಂದು ನೂಲಿನೆಳೆಯಷ್ಟು ಮಾತ್ರ ಇತ್ತು. ಗುಂಡಗಿನ ಬಟ್ಟಲಿನಲ್ಲಿ ಗೋಪುರ ಕೂರಿಸಿದರೆ ಅಂಚು ಮಾತ್ರ ತಾಗುತ್ತದೆ. ಆ ಎಳೆಯಷ್ಟು ಜಾಗದ ಮೇಲೆ ಇಡೀ ಚಕ್ರ ನಿಂತಿತ್ತು. ಬಿಗಿಯುವಾಗ ಕೈಗೆ ಗಟ್ಟಿ ಎನಿಸಿದ್ದು ನಿಜ. ಕಾರು ಓಡುತ್ತಾ ಓಡುತ್ತಾ ಆ ಅಂಚು ತಿಂದುಹೋಗಿ ನಟ್ಟು ಸಡಿಲಾಗಿತ್ತು. ಎಡಗಡೆಯ ಮುಂದಿನ ಚಕ್ರವೇ ಮೊದಲು ಯಾಕೆ ಎಂದು ಕೇಳಿದೆ. ಮೇಸ್ತ್ರಿ ಎರಡು ಕಾರಣ ಊಹಿಸಿದರು, ಆಮೇಲೆ ಎರಡನ್ನೂ ತಾವೇ ತಳ್ಳಿಹಾಕಿದರು. ಅದು ನನಗೆ ಇಂದಿಗೂ ಪೂರ್ತಿ ಗೊತ್ತಿಲ್ಲ.

ನಿಮ್ಮಲ್ಲಿ ಯಾರಾದರೂ ಈ ಕೆಲಸ ಮಾಡುವುದಾದರೆ ಕುಂಕುಮದ ಈ ಪರೀಕ್ಷೆ ಮಾಡದೆ ನಟ್ಟು ಬಿಗಿಯಬೇಡಿ. ಗುಂಡು ಬುಡದಲ್ಲೂ ಗುಂಡಿನ ಗಾತ್ರ ಬೇರೆ ಬೇರೆ ಇರುತ್ತದೆ. ಸ್ಟೆಪ್ನಿ ಚಕ್ರದ ತೂತು ಇನ್ನೊಂದೇ ಆಕಾರದ್ದಾಗಿರಬಹುದು, ಅದಕ್ಕೆ ಬೇರೆ ನಟ್ಟು ಬೇಕಾಗಬಹುದು. ಎಲ್ಲಾ ಐದು ಚಕ್ರಕ್ಕೂ ಮಾಡಿ ನೋಡಿ.

ಮೇಸ್ತ್ರಿ ಆ ದಿನ ಇನ್ನೊಂದು ಮಾತು ಹೇಳಿದ್ದರು. "ಆ ಚಕ್ರದ ಐದೂ ಸ್ಟಡ್ಡು ಬಿಸಾಡು. ಸಡಿಲ ಚಕ್ರ ಅದಕ್ಕೆ ಎಷ್ಟು ಸಲ ಬಡಿದದೆ ಅಂತ ನಮಗೆ ಗೊತ್ತಿಲ್ಲ."

ಗುಂಡು ಬುಡದ ನಟ್ಟುಗಳು ಬಂದವು, ಹಾಳಾದ ಚಕ್ರದ ಬದಲು ಬೇರೆ ಚಕ್ರ ಸಿಕ್ಕಿತು. ಸ್ಟಡ್ಡು ಮಾತ್ರ ಬಿಡಿಯಾಗಿ ಸಿಗುತ್ತಿರಲಿಲ್ಲ, ಪೂರ್ತಿ ಸೆಟ್ಟೇ ಕೊಳ್ಳಬೇಕಿತ್ತು. ನನ್ನ ಹತ್ತಿರ ಎರಡು ಹೆಚ್ಚುವರಿ ಇದ್ದವು. ಹಲ್ಲು ತಿಂದುಹೋಗಿದ್ದ ಎರಡನ್ನು ತೆಗೆದು ಅವನ್ನು ಹಾಕಿದೆ. ಉಳಿದ ಮೂರು ನೋಡಲು ಹೊಸದರ ಹಾಗೇ ಇದ್ದವು. ಉಜ್ಜಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ನಟ್ಟು ಹಾಕಿ ನೋಡಿದೆ. ಬಿಸಾಡಲು ಮನಸ್ಸು ಬರಲಿಲ್ಲ. ಮೇಸ್ತ್ರಿಗೆ ಹೇಳಲೂ ಇಲ್ಲ. ಒಂದು ತಪ್ಪಿಗೆ ನಾನು ಅಜ್ಞಾನಿ ಎಂದು ಹೇಳಿಕೊಳ್ಳಬಹುದು. ಎರಡನೆಯದಕ್ಕೆ ಹಾಗೆ ಹೇಳಿಕೊಳ್ಳುವ ಹಾಗಿಲ್ಲ.

ಆರೇಳು ವಾರ ಕಳೆದಿರಬೇಕು. ಆ ಗಾಬರಿಯ ನಂತರ ಯಶೋದಾಬಾಯಿ ಪ್ರತಿ ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲಿ ನಟ್ಟುಗಳಿಗೆ ಬಿಗಿಯುವ ಪಾನಾ ಹಾಕಿ ನೋಡುವ ರೂಢಿ ಮಾಡಿಕೊಂಡಿದ್ದಳು. ಒಂದು ಭಾನುವಾರ ಹಾಗೆ ನೋಡುವಾಗ ನಟ್ಟಿನೊಂದಿಗೆ ಸ್ಟಡ್ಡಿನ ತುಂಡೂ ಅವಳ ಕೈಗೆ ಬಂತು. ನಾನು ಹಾರವಾಡಕ್ಕೆ ಹೋದೆ. ಅಂಗಳದಲ್ಲಿ ಬಲೆ ಹರವಿತ್ತು, ಅದರ ಪಕ್ಕ ಕಾರು. ಮುರಿದ ತುಂಡನ್ನು ಅವಳು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು. ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು.

"ನೋಡಿ, ಇಲ್ಲಿ ಎರಡು ಬಣ್ಣ ಅದೆ" ಎಂದಳು. ಅದನ್ನು ಮೊದಲು ಕಂಡದ್ದು ಅವಳೇ.

ಮುರಿದ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ಕಂದು, ನುಣುಪು, ಅದರಲ್ಲಿ ನೀರು ಇಳಿದ ಮೇಲೆ ಮರಳಿನ ಮೇಲೆ ಉಳಿಯುವಂಥ ತೆಳು ಗೆರೆಗಳು. ಉಳಿದ ಭಾಗ ಹೊಳೆಯುತ್ತಿತ್ತು, ಸಕ್ಕರೆಯ ಹಾಗೆ ಒರಟು. ಹೊಳೆಯುವುದು ಅವತ್ತು ಮುರಿದದ್ದು. ಕಂದು ಭಾಗ ಎಷ್ಟೋ ದಿನದಿಂದ ಒಳಗೇ ಬಿರುಕು ಬಿಡುತ್ತಾ ತುಕ್ಕು ಹಿಡಿದದ್ದು. ನಾನು ಬೆಳಕಿಗೆ ಹಿಡಿದು ನೋಡಿ ಸರಿಯಾಗಿದೆ ಎಂದಾಗಲೇ ಆ ಬಿರುಕು ಹುಟ್ಟಿತ್ತು.

ಯಾವ ಸ್ಟಡ್ಡು ಎಂದು ನನಗೆ ಗೊತ್ತಿತ್ತು. ಸುಮ್ಮನಿದ್ದರೆ ಮಾಲೇ ಸರಿಯಿರಲಿಲ್ಲ ಎಂದಾಗುತ್ತಿತ್ತು. ಅವಳು ಕೇಳುತ್ತಲೂ ಇರಲಿಲ್ಲ.

"ಇದು ಆಗ ಸಡಿಲಾದ ಚಕ್ರದ್ದು" ಎಂದೆ. "ಐದೂ ಬಿಸಾಡು ಅಂತ ಮೇಸ್ತ್ರಿ ಹೇಳಿದ್ರು. ನಾನು ಮೂರು ಉಳಿಸಿದೆ. ಚಂದ ಕಂಡ್ತು ಅಂತ."

ಬೇರೆ ಗ್ಯಾರೇಜಿಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಿದ್ದರೆ ಅದು ನ್ಯಾಯವೇ.

"ನೀವು ಹೇಳ್ದೆ ಇದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಉಳಿದ ಎರಡು ಈಗ್ಲೇ ತೆಗೀರಿ. ಇನ್ನು ಮೇಲೆ ನನ್ ಗಾಡೀದು ನೀವು ಬಿಗೀರಿ, ನಾನು ನೋಡ್ತೆ. ನೀವು ಬಿಗಿದದ್ದು ನೀವೇ ನೋಡೂದು ಬ್ಯಾಡ."

ಕೇಳುವಾಗ ಮುಖ ಬಿಸಿಯಾಯಿತು. ಇಪ್ಪತ್ತಾರು ವರ್ಷದ ಅನುಭವದವನ ಕೆಲಸವನ್ನು ಮೀನು ಮಾರುವವಳು ಪರೀಕ್ಷೆ ಮಾಡುವುದು. ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಬಿಗಿದವನು ಮತ್ತೆ ನೋಡುವಾಗ ಕೆಲಸ ಸರಿಯಾಗಿದೆ ಎಂದು ಮೊದಲೇ ನಂಬಿರುತ್ತಾನೆ, ನೋಡುವುದು ಅದೇ ನಂಬಿಕೆಯನ್ನು. ಮರುದಿನ ಎಲ್ಲವನ್ನೂ ಮೇಸ್ತ್ರಿಗೆ ಹೇಳಿದೆ. ಅವರು ಮುರಿದ ತುಂಡನ್ನು ಬೆರಳಿನಲ್ಲಿ ಸವರಿ, ನುಣುಪು ಎಲ್ಲಿ ಮುಗಿಯಿತು ಎಂದು ಹುಡುಕಿ, ಕೊನೆಗೆ "ಬಾಯಿ ಹೇಳಿದ್ದು ಬರೋಬರ್" ಎಂದರು. ಸ್ಟಡ್ಡಿನ ಪೂರ್ತಿ ಸೆಟ್ಟನ್ನು ಪುಣೆಯಿಂದ ತರಿಸಿದೆವು. ಆ ವಾರದಿಂದ ನಮ್ಮ ಗ್ಯಾರೇಜಿನಲ್ಲಿ ಒಬ್ಬ ಬಿಗಿಯುವುದು, ಇನ್ನೊಬ್ಬ ನೋಡುವುದು ಎಂದಾಯಿತು. ಚಕ್ರ ಹಾಕಿದ ಗಾಡಿಯನ್ನು ವಾರ ಬಿಟ್ಟಲ್ಲ, ಐವತ್ತು ಕಿಲೋಮೀಟರ್ ಓಡಿಸಿದ ಕೂಡಲೇ ಕರೆಸಿ ಮತ್ತೆ ನೋಡುವುದೂ ಆಗ ಶುರುವಾಯಿತು.

ಇನ್ನೊಂದು ಬದಲಾವಣೆಯೂ ಅವಳಿಂದಲೇ ಬಂತು. ಹಡಗಿನಲ್ಲಿ ಕೆಲಸ ಮಾಡುವ ಮೈದುನನಿಂದ ಒಂದು ಟಾರ್ಕ್ ರೆಂಚ್ ತರಿಸಿಕೊಂಡಳು. ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಅದನ್ನು ಹೊಂದಿಸಿಟ್ಟರೆ, ಅಷ್ಟಾದ ಕೂಡಲೇ ಟಿಕ್ ಎನ್ನುತ್ತದೆ. ನಾವು ಅಲ್ಲಿಯವರೆಗೆ ಕೈ ಅಂದಾಜಿನವರು. ಅಂದಾಜಿನಲ್ಲಿ ವಿಠೋಬಾ ಮೇಸ್ತ್ರಿಯನ್ನು ಮೀರಿಸಿದವರಿರಲಿಲ್ಲ, ಅವರಿಗೂ ಅದು ಗೊತ್ತಿತ್ತು.

"ನನ್ನ ಕೈಗೂ ಅದಕ್ಕೂ ಎಷ್ಟು ಫರಕ್ ಅದೆ, ನೋಡುವಾ" ಎಂದು ಅವರೇ ಪಂದ್ಯಕ್ಕೆ ನಿಂತರು. ಕಣ್ಣು ಅಷ್ಟರಲ್ಲಿ ಚೆನ್ನಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಐದು ನಟ್ಟು ಬಿಗಿದರು. ರೆಂಚಿನಿಂದ ನಾನು ನೋಡಿದೆ. ಐದೂ ಹೆಚ್ಚುಕಡಿಮೆ ಒಂದೇ, ಕಾರಿನ ಪುಸ್ತಕ ಹೇಳಿದ ಅಂಕೆಯ ಪಕ್ಕದಲ್ಲೇ. ಮೇಸ್ತ್ರಿ ಚಹಾ ತರಿಸಿದರು. ಊಟ ಮುಗಿಸಿ ಬಂದ ಮೇಲೆ, ಅವರೇ, ಇನ್ನೊಮ್ಮೆ ಎಂದರು. ಈ ಸಲ ಎರಡು ಬಹಳ ಕಡಿಮೆ, ಒಂದು ಬಹಳ ಹೆಚ್ಚು. ನಂಬದೆ ಮತ್ತೆ ಮಾಡಿದರು. ಮತ್ತೂ ಹಾಗೇ. ಅವರು ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಪಳೆ, ಮಧ್ಯಾಹ್ನ ಇದು ಬೇರೆಯವನ ಕೈ" ಎಂದರು. ಸಂಜೆಯೊಳಗೆ ಗ್ಯಾರೇಜಿಗೂ ಒಂದು ರೆಂಚಿಗೆ ಹೇಳಿ ಕಳಿಸಿದ್ದರು.

ಉಪಕರಣ ಬಂದ ಮಾತ್ರಕ್ಕೆ ಎಲ್ಲಾ ಸರಿಹೋಯಿತು ಎಂದುಕೊಳ್ಳಬೇಡಿ. ಮುಂದಿನ ವರ್ಷ ಇದೇ ಕಾರಿನಲ್ಲಿ ಒಂದು ವಿಚಿತ್ರ ಕಂಡಿತು. ಮಳೆಗಾಲ ಮುಗಿದು ಚಕ್ರ ಬಿಚ್ಚಿದಾಗ, ಕೈಯಲ್ಲಿ ಬುಡದವರೆಗೆ ಸಲೀಸಾಗಿ ಹೋಗಬೇಕಿದ್ದ ನಟ್ಟು ಮೂರು ಸ್ಟಡ್ಡುಗಳಲ್ಲಿ ನಡುವೆ ಸಿಕ್ಕಿಕೊಂಡಿತು. ತುಕ್ಕಿಲ್ಲ, ಮರಳಿಲ್ಲ, ಹಲ್ಲು ತಿಂದುಹೋಗಿಲ್ಲ. ಅಂಥ ಒಂದು ಸ್ಟಡ್ಡನ್ನು ಬಿಸಿ ಗಾಳಿ ಹಾಯಿಸಿ ಗೋಂದು ಕರಗಿಸಿ ತೆಗೆದೆ. ಒಂದು ಹೊಸ ಸ್ಟಡ್ಡಿನ ಹಲ್ಲುಗಳ ಒಳಗೆ ಇದರ ಹಲ್ಲುಗಳನ್ನು ಕೂರಿಸಿ ಎರಡನ್ನೂ ಬೆಳಕಿಗೆ ಹಿಡಿದೆ. ಎರಡು ಹೊಸದಾದರೆ ನಡುವೆ ಬೆಳಕು ಕಾಣುವುದಿಲ್ಲ. ಇಲ್ಲಿ ಮಧ್ಯದಲ್ಲಿ ಸಣ್ಣಗೆ ಬೆಳಕು ಕಂಡಿತು. ಹಲ್ಲುಗಳು ದೂರ ಸರಿದಿದ್ದವು. ಉಕ್ಕು ಹಿಗ್ಗಿತ್ತು.

ಬಿಗಿ ಹೆಚ್ಚಾಗದೆ ಹಿಗ್ಗುವುದಿಲ್ಲ. ರೆಂಚು ಮಾತ್ರ ಸರಿಯಾದ ಅಂಕೆಗೇ ಟಿಕ್ ಎನ್ನುತ್ತಿತ್ತು. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಯಶೋದಾಬಾಯಿಯನ್ನು ಕೇಳಿದೆ, ನೀವು ಮನೆಯಲ್ಲಿ ಇದಕ್ಕೆ ಏನಾದರೂ ಮಾಡುತ್ತೀರಾ ಎಂದು.

"ತುಕ್ಕು ಹಿಡೀಬಾರ್ದು ಅಂತ ಬೋಟಿನ ಗ್ರೀಸು ಸವರ್ತೆ. ಉಪ್ಪಿನ ಗಾಳಿ ಅಲ್ವಾ. ನಮ್ ಎಂಜಿನ್ನಿಗೆ ಅದೇ ಹಾಕೂದು."

ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ಯೋಚನೆ ಒಳ್ಳೆಯದೇ. ಆದರೆ ಒಣ ಸ್ಟಡ್ಡಿಗೆಂದು ಕೊಟ್ಟ ಅಂಕೆ ಜಿಡ್ಡಿನ ಸ್ಟಡ್ಡಿಗೆ ಹೊಂದುವುದಿಲ್ಲ. ಜಿಡ್ಡಿನಲ್ಲಿ ನಟ್ಟು ಜಾರಿ ಇನ್ನೂ ಮುಂದೆ ಹೋಗುತ್ತದೆ, ಟಿಕ್ ಎನ್ನುವಷ್ಟರಲ್ಲಿ ಸ್ಟಡ್ಡನ್ನು ಬೇಕಾದ್ದಕ್ಕಿಂತ ಹೆಚ್ಚು ಎಳೆದಿರುತ್ತದೆ. ಅವಳಿಗೆ ಎರಡು ಸ್ಟಡ್ಡು ಕೊಟ್ಟು ಬೆಳಕಿಗೆ ಹಿಡಿಸಿದೆ. ಒಂದು ಕಣ್ಣು ಮುಚ್ಚಿ ನೋಡಿದಳು. "ಕಂಡ್ತು, ಕಂಡ್ತು" ಎಂದು ಪಕ್ಕದಲ್ಲಿದ್ದವರನ್ನೂ ಕರೆದು ತೋರಿಸಿದಳು. ಆಮೇಲೆ ಗ್ರೀಸಿನ ಬದಲು ನಟ್ಟಿನ ಮೇಲೆ ಮುಚ್ಚಳ ಹಾಕುವುದು, ಮಳೆಗಾಲದ ಮುಂಚೆ ಒಮ್ಮೆ ಆಮೇಲೆ ಒಮ್ಮೆ ಎಲ್ಲಾ ಬಿಚ್ಚಿ ತಂತಿ ಬ್ರಶ್ಶಿನಿಂದ ಉಜ್ಜಿ ಒಣ ಬಟ್ಟೆಯಲ್ಲಿ ಒರೆಸುವುದು ಎಂದು ಮಾಡಿಕೊಂಡೆವು. ಸ್ಟಡ್ಡು ಎಷ್ಟೇ ಚೆಂದ ಕಂಡರೂ ಮೂರು ಮಳೆಗಾಲಕ್ಕೆ ಇಪ್ಪತ್ತನ್ನೂ ಬದಲಿಸುವುದು. ಆ ಮೂರು ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಗಾಳಿಗೆ ನಾವು ಇಟ್ಟುಕೊಂಡ ಲೆಕ್ಕ.

ಸುದ್ದಿ ಹಬ್ಬಿ ಬೇರೆಯವರೂ ಬಂದರು. ದೇವಬಾಗದಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುವ ಒಬ್ಬರು ಬಣ್ಣಬಣ್ಣದ ಹಗುರ ಲೋಹದ ನಟ್ಟುಗಳನ್ನು ತಂದು, ಹೊರಗೆ ಎರಡಿಂಚು ಚಾಚುವ ಉದ್ದದ ಸ್ಟಡ್ಡು ಹಾಕಿ ಎಂದರು, ರೇಸಿನ ಕಾರಿನ ಹಾಗೆ ಕಾಣಬೇಕಂತೆ. ಕುಂಕುಮ ಸವರಿ, ತಾಗುವ ಜಾಗ ತೋರಿಸಿ, ಮೆತ್ತಗಿನ ನಟ್ಟಿನ ಮೇಲೆ ಉಗುರಿನಷ್ಟು ಗೀರು ಬಿದ್ದದ್ದನ್ನೂ ತೋರಿಸಿದೆ. ಅವರು ತಮ್ಮ ಹಳೆಯ ಬೋಲ್ಟುಗಳೇ ಸಾಕು ಎಂದು ವಾಪಸು ಹೋದರು. ನನ್ನ ಮಟ್ಟಿಗೆ ಅದೂ ಒಂದು ಒಳ್ಳೆಯ ಕೆಲಸವೇ. ಬದಲಾಯಿಸುವ ಅಗತ್ಯ ಇಲ್ಲದವರಿಗೆ ಬೋಲ್ಟೇ ಚೆನ್ನ.

ಹೋದ ವರ್ಷ, ನನ್ನ ಕೆಲಸದ ಕೊನೆಯ ದಿನ. ಸಂಜೆ ನಾಲ್ಕಕ್ಕೆ ಶಾಲು ಹೊದಿಸುತ್ತೇವೆ, ಸ್ನಾನ ಮಾಡಿ ಅಂಗಿ ಬದಲಿಸಿ ಬನ್ನಿ ಎಂದು ಗ್ಯಾರೇಜಿನವರು ಹೇಳಿದ್ದರು. ಮೂರು ಗಂಟೆಗೆ ಯಶೋದಾಬಾಯಿ ಬಂದಳು. ಕಾರನ್ನು ನಮ್ಮಲ್ಲಿ ಬಿಟ್ಟು ಚಕ್ರಗಳಿಗೆ ಬಣ್ಣ ಹೊಡೆಸಿ ತಂದಿದ್ದಳು, ಹಾಕಿಸಿಕೊಳ್ಳಬೇಕಿತ್ತು. ಬೇರೆಯವರು ಮಾಡುತ್ತಾರೆ ಬಿಡಿ ಎಂದರು ಎಲ್ಲರೂ. ನಾನು ಕೇಳಲಿಲ್ಲ.

ಹಬ್ಬಿನ ಮುಖ ಒರೆಸಿದೆ. ನಾಲ್ಕೂ ಚಕ್ರ ಕೂರಿಸಿದೆ. ನಕ್ಷತ್ರದ ಹಾಗೆ ಒಂದು ಬಿಟ್ಟು ಒಂದಕ್ಕೆ ಹೋಗುತ್ತಾ ಎರಡು ಹಂತದಲ್ಲಿ ಬಿಗಿದೆ. ಇಪ್ಪತ್ತು ಟಿಕ್. ಇಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಮಾಡಿರಲಿಲ್ಲ ಎನಿಸಿತು. ರೆಂಚನ್ನು ಅವಳ ಕೈಗೆ ಕೊಟ್ಟೆ. ಅವಳು ಕಾರು ಹೊರಗೆ ತೆಗೆದು, ಮೊದಲ ಪರೀಕ್ಷೆಗೆಂದು ಕಾಳಿ ಸೇತುವೆ ದಾಟಿ ಸದಾಶಿವಗಡದ ತನಕ ಹೋಗಿ ಬಂದು, ಎಂದಿನಂತೆ ಒಂದೊಂದಕ್ಕೇ ರೆಂಚು ಹಾಕುತ್ತಾ ಬಂದಳು. ಹಿಂದಿನ ಬಲಗಡೆಯ ಚಕ್ರದ ಮೂರನೆಯ ನಟ್ಟಿಗೆ ಬಂದಾಗ ನಿಂತಳು.

"ಇದು ತಿರುಗ್ತು."

"ಎಷ್ಟು?"

"ಕಾಲು ಸುತ್ತು."

ಒಂದು ಕ್ಷಣ, ಬಿಗಿದಾಯಿತಲ್ಲ ಹೋಗಲಿ ಎನ್ನುವ ಮಾತು ಬಾಯಿಗೆ ಬಂತು. ಆಚೆ ಕುರ್ಚಿಗಳನ್ನು ಸಾಲಾಗಿ ಹಾಕುತ್ತಿದ್ದರು. ಅವಳು ರೆಂಚು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಜಾಕು ತಂದು ಚಕ್ರ ಬಿಚ್ಚಿದೆ. ಹಬ್ಬಿನ ಮುಖ ಶುದ್ಧವಾಗಿತ್ತು. ಚಕ್ರವನ್ನು ಮಗುಚಿ ನೋಡಿದೆ. ಬಣ್ಣ ಹೊಡೆದವರು ಹಿಂಬದಿಗೂ ಹೊಡೆದಿದ್ದರು, ಹಬ್ಬಿಗೆ ಕೂರುವ ಜಾಗದಲ್ಲಿ ದಪ್ಪ ಬಣ್ಣದ ಒಂದು ಸಿಪ್ಪೆ, ಹುಣಸೆ ಬೀಜದಷ್ಟು, ಜಜ್ಜಿ ಅರ್ಧ ಎದ್ದಿತ್ತು. ಓಡಿದ ಕೂಡಲೇ ಅದು ಅಪ್ಪಚ್ಚಿಯಾಗಿ ಆ ಬದಿ ಸಡಿಲಾಗಿತ್ತು. ನಾನು ಹಬ್ಬನ್ನು ಒರೆಸಿದ್ದೆ, ಚಕ್ರದ ಬೆನ್ನನ್ನು ನೋಡಿರಲಿಲ್ಲ.

"ಇದೇ" ಎಂದು ಸಿಪ್ಪೆಯನ್ನು ಅವಳಿಗೆ ತೋರಿಸಿದೆ. ಅವಳು ಬಗ್ಗಿ ನೋಡಿ, ಉಗುರಿನಿಂದ ಎಬ್ಬಿಸಿ, ಬೆರಳ ತುದಿಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು.

"ಇಷ್ಟಕ್ಕೇ?"

"ಇಷ್ಟಕ್ಕೇ."

ಉಳಿದ ಮೂರು ಚಕ್ರಗಳನ್ನೂ ಬಿಚ್ಚಿದೆ. ನಾಲ್ಕರ ಹಿಂಬದಿಯನ್ನೂ ಕೆರೆದು ಲೋಹ ಕಾಣುವ ಹಾಗೆ ಮಾಡಿದೆ. ಮತ್ತೆ ಕೂರಿಸಿದೆ, ಮತ್ತೆ ಬಿಗಿದೆ. ನಾಲ್ಕೂಮುಕ್ಕಾಲು ಆಗಿತ್ತು. ಶಾಲು ಹಿಡಿದುಕೊಂಡವರು ಒಂದೆರಡು ಸಲ ಬಂದು ಇಣುಕಿ ಹೋದರು. ಯಶೋದಾಬಾಯಿ ಮತ್ತೆ ಸೇತುವೆ ದಾಟಿ ಹೋಗಿ ಬಂದಳು. ಮತ್ತೆ ಮೊದಲಿನ ಚಕ್ರದಿಂದ ಶುರು ಮಾಡಿದಳು. ನಾನು ಪಕ್ಕದಲ್ಲಿ ನಿಂತು ಒಂದೊಂದು ಟಿಕ್ಕಿಗೂ ಕಿವಿ ಕೊಟ್ಟು ಎಣಿಸಿದೆ. ಇಪ್ಪತ್ತರಲ್ಲಿ ಒಂದೂ ಅಲುಗಲಿಲ್ಲ.

ಅವಳು ರೆಂಚನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಳು.

"ಈಗ ಹೋಗಿ, ಕೈ ತೊಳ್ಕಣಿ" ಎಂದಳು. "ಅವ್ರು ಕಾಯ್ತಿದ್ರು."